ಅರ್ಧ ಬರೆದ ಕಥೆ, ಒಂದು ರಾಗ, ನಿಧಾನದ ರೈಲು

ಕಥೆ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ ಒಂದೇ. "ನಿಮಗೆ ಇದೆಲ್ಲ ಹೊಳೆಯೋದು ಹೇಗೆ?" ಮೊದಮೊದಲು "ಸಂಗೀತ ಕೇಳ್ತೀನಿ, ಸುಮ್ನೆ ಸುತ್ತಾಡ್ತೀನಿ" ಅಂತ ಹೇಳಿ ಮುಗಿಸುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಆ ಮಾತು ನಂಬಿ ಗೆಳತಿಯೊಬ್ಬಳು ಮೂರು ದಿನ ರಜೆ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗಿ ಬಂದಳು. ಬಂದವಳು "ಏನೂ ಹೊಳೀಲಿಲ್ಲ" ಅಂದಳು. ಅವಳ ಮುಖ ನೋಡಿ ನನಗೆ ನಿಜವಾಗಿ ಬೇಜಾರಾಯಿತು. ನಾನು ಹೇಳಿದ್ದು ಅರ್ಧ ಉತ್ತರ. ಉಳಿದ ಅರ್ಧ ಇಲ್ಲಿ ಬರೆಯುತ್ತಿದ್ದೇನೆ.

ಅವಳು ತಲೆ ಖಾಲಿ ಮಾಡಿಕೊಂಡು ಹೋಗಿದ್ದಳು. ನಾನು ಹಾಗೆ ಹೋಗುವುದೇ ಇಲ್ಲ. ಹೊರಡುವಾಗ ನನ್ನ ಜೊತೆ ಅರ್ಧಕ್ಕೆ ನಿಂತ ಒಂದು ಕೆಲಸ ಇರುತ್ತದೆ. ವಾರಗಟ್ಟಲೆ ಒದ್ದಾಡಿ, ಹರಿದು ಹಾಕಿ, ಮತ್ತೆ ಬರೆದು, ಇನ್ನು ಆಗಲ್ಲ ಅಂತ ಕೈಬಿಟ್ಟದ್ದು. ಸಂಗೀತಕ್ಕೂ ಪ್ರಯಾಣಕ್ಕೂ ಹಿಡಿದುಕೊಳ್ಳಲು ಅಂಥದ್ದೊಂದು ಎಳೆ ಬೇಕು.

ಮೊದಲು ಸಂಗೀತದ ಮಾತು. ಅಮ್ಮ ತೀರಿಕೊಂಡ ಮೇಲೆ ಮನೆಗೆ ಬರುವ ಮಗನ ಕಥೆಯೊಂದನ್ನು ಬರೆಯುತ್ತಿದ್ದೆ. ಮೊದಲ ಸಾಲಿನಲ್ಲೇ ಸಾವಿನ ಸುದ್ದಿ ಇತ್ತು. ಮುಂದಿನ ಏಳು ಪುಟ ಎಷ್ಟು ತಿದ್ದಿದರೂ ಸಪ್ಪೆ. ಒಂದು ಸಂಜೆ ಬೇಸರದಿಂದ ಎದ್ದು, ದೀಪ ಆರಿಸಿ, ಹಿಂದೂಸ್ತಾನಿಯ ಮಾರ್ವಾ ರಾಗದ ವಿಳಂಬಿತ, ಅಂದರೆ ನಿಧಾನದ ಗಾಯನ, ಹಾಕಿಕೊಂಡು ಕೂತೆ. ಅದು ಸೂರ್ಯ ಮುಳುಗುವ ಹೊತ್ತಿನ ರಾಗ. ಅದರಲ್ಲಿ ಪಂಚಮವೇ, ಅಂದರೆ 'ಪ' ಸ್ವರವೇ ಇಲ್ಲ. ಷಡ್ಜ, ಅಂದರೆ ಎಲ್ಲ ಸ್ವರಗಳಿಗೂ ಮನೆಯಂತಿರುವ 'ಸ' ಇದೆ, ಆದರೆ ಹಾಡುವವರು ಬೇಕೆಂದೇ ಅದನ್ನು ತಪ್ಪಿಸಿಕೊಂಡು ಓಡಾಡುತ್ತಾರೆ. ಷಡ್ಜದ ಪಕ್ಕದ ಸ್ವರ ಕೋಮಲ ರಿಷಭದ ಹತ್ತಿರ ಬರುತ್ತಾರೆ, ಇನ್ನೇನು ಷಡ್ಜಕ್ಕೆ ಇಳಿದರು ಅನ್ನುವಷ್ಟರಲ್ಲಿ ತಿರುಗಿ ಧೈವತದ ಕಡೆ ಹೋಗಿಬಿಡುತ್ತಾರೆ. ತಂಬೂರಿ ಮಾತ್ರ ಷಡ್ಜವನ್ನು ಮೀಟುತ್ತಲೇ ಇರುತ್ತದೆ. ಕೇಳುವವನಿಗೆ ಮನೆ ಕಾಣುತ್ತಿದೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ, ಹಾಗೆ. ಅತಿವಿಳಂಬಿತದಲ್ಲಿ ಏಕತಾಳದ 12 ಮಾತ್ರೆಯ, ಅಂದರೆ 12 ಎಣಿಕೆಯ, ಒಂದು ಸುತ್ತಿಗೆ ಕೆಲವರು ಹೆಚ್ಚುಕಮ್ಮಿ ಒಂದು ನಿಮಿಷ ತೆಗೆದುಕೊಳ್ಳುತ್ತಾರೆ. ಅಷ್ಟು ಹೊತ್ತು ಕಾಯಿಸಿ, ಕೊನೆಗೊಮ್ಮೆ ಗಾಯಕ ಷಡ್ಜಕ್ಕೆ ಬಂದು ನಿಂತಾಗ ನನ್ನ ಕಣ್ಣು ತುಂಬಿತ್ತು.

ಹಾಡು ಮುಗಿಯುವ ಮೊದಲೇ ಗೊತ್ತಾಯಿತು. ನಾನು ನನ್ನ ಷಡ್ಜವನ್ನು ಮೊದಲ ಸಾಲಿನಲ್ಲೇ ಹಾಡಿ ಮುಗಿಸಿದ್ದೆ. ಆ ರಾತ್ರಿಯೇ ಸಾವು ಅನ್ನುವ ಪದವನ್ನು ತೆಗೆದೆ. ಮಗ ಮನೆಗೆ ಬರುತ್ತಾನೆ, ಚಪ್ಪಲಿ ಬಿಡುತ್ತಾನೆ, ನೀರು ಕುಡಿಯುತ್ತಾನೆ, ಅಮ್ಮನ ಕೋಣೆ ಒಂದನ್ನು ಬಿಟ್ಟು ಎಲ್ಲ ಕಡೆ ಓಡಾಡುತ್ತಾನೆ. ಕಥೆ ಅಲ್ಲಿಂದ ಉಸಿರಾಡತೊಡಗಿತು.

ನೋಡಿ, ಆ ಸಂಜೆ ನಾನು ಹಾಡು ಕೇಳುವುದು ಬಿಟ್ಟು ಬೇರೆ ಏನೂ ಮಾಡುತ್ತಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ "ಬರೆಯುವಾಗ ಯಾವ ಹಾಡು ಹಾಕ್ಕೊಳ್ತೀರಾ?" ಅಂತಲೂ ಜನ ಕೇಳುತ್ತಾರೆ. ಯಾವುದೂ ಇಲ್ಲ. 2019ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಮೂರು ಪದ ಕೊಟ್ಟು, ಮೂರಕ್ಕೂ ಹೊಂದುವ ಒಂದು ಪದ ಹುಡುಕಿ ಅಂತ ಕೇಳಿದರು. ಹಿನ್ನೆಲೆಯಲ್ಲಿ ಹಾಡು ಇದ್ದಾಗ ಉತ್ತರ ಹೊಳೆಯುವುದು ಕಡಿಮೆಯಾಯಿತು. ಗೊತ್ತಿಲ್ಲದ ಭಾಷೆಯ ಹಾಡಾದರೂ, ಬರೀ ವಾದ್ಯವಾದರೂ ಅದೇ ಫಲ. ಗ್ರಂಥಾಲಯದ ಸಣ್ಣ ಸದ್ದು ಮಾತ್ರ ಅಡ್ಡಿ ಮಾಡಲಿಲ್ಲ. ನನ್ನ ಅನುಭವವೂ ಅದೇ. ಪದದ ಜೊತೆ ಗುದ್ದಾಡುವಾಗ ಮೌನ ಬೇಕು. ಹಾಡಿಗೆ ಅದರದ್ದೇ ಹೊತ್ತು ಕೊಡಬೇಕು, ಮನೆಗೆ ಬಂದ ಹಿರಿಯರ ಎದುರು ಕೂರುವ ಹಾಗೆ ಕೂರಬೇಕು.

ಇನ್ನು ಪ್ರಯಾಣ. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ 1908ರ ಒಂದು ಉಪನ್ಯಾಸದಲ್ಲಿ ತನ್ನ ತರುಣ ದಿನಗಳ ಘಟನೆ ಹೇಳಿದ್ದಾನೆ. 15 ದಿನ ದಿನವೂ ಮೇಜಿಗೆ ಕೂತು ಒಂದು ಲೆಕ್ಕದ ಜೊತೆ ಹೆಣಗಿದ್ದ. ಒಂದಿಷ್ಟು ದಾರಿ ಸಿಕ್ಕಿತ್ತು, ಪೂರ್ತಿ ಸಿಕ್ಕಿರಲಿಲ್ಲ. ಆಮೇಲೆ ಭೂವಿಜ್ಞಾನದ ಪ್ರವಾಸವೊಂದಕ್ಕೆ ಹೊರಟ. ದಾರಿಯ ಗಡಿಬಿಡಿಯಲ್ಲಿ ಲೆಕ್ಕ ಮರೆತೇ ಹೋಯಿತು. ಕೂತಾನ್ಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ, ಅದೇ ಗಳಿಗೆಯಲ್ಲಿ ಉತ್ತರ ಹೊಳೆಯಿತು. ನನಗೆ ತುಂಬಾ ಇಷ್ಟವಾದದ್ದು ಮುಂದಿನ ಮಾತು. ಅವನು ಅದನ್ನು ಅಲ್ಲೇ ಬರೆದು ನೋಡಲಿಲ್ಲ. ಸೀಟಿನಲ್ಲಿ ಕೂತು, ಪಕ್ಕದವರ ಜೊತೆ ಅದಾಗಲೇ ಶುರುವಾಗಿದ್ದ ಮಾತು ಮುಂದುವರಿಸಿದ. ಸರಿ ಅಂತ ಖಾತ್ರಿ ಇತ್ತು. ಮನೆಗೆ ಮರಳಿದ ಮೇಲೆ ಬಿಡಿಸಿ ನೋಡಿದ.

ಪ್ರವಾಸದ ಕತೆಯಷ್ಟೇ ಹೇಳಿದರೆ ಬಂಡಿಯ ಮೆಟ್ಟಿಲೇ ಉತ್ತರ ಕೊಟ್ಟಿತು ಅನ್ನಿಸುತ್ತದೆ, ಅಲ್ವಾ? ಆ 15 ದಿನ ಇರದಿದ್ದರೆ ಅದು ಬರೀ ಮೆಟ್ಟಿಲು.

ನನ್ನ ಮೆಟ್ಟಿಲು ಒಂದು ಪ್ಯಾಸೆಂಜರ್ ರೈಲು. ನಾನು ಯಾವಾಗಲೂ ಎಲ್ಲ ಕಡೆ ನಿಲ್ಲುವ ರೈಲನ್ನೇ ಹಿಡಿಯುತ್ತೇನೆ. ಆ ಸಲ ಜೊತೆಗಿದ್ದದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆ. ಅವರನ್ನು ಮತ್ತೆ ಮಾತಾಡಿಸಬೇಕಿತ್ತು. ನಾನು ಬರೆದ ಮಾತೆಲ್ಲ ಭಾಷಣದಂತೆ ಇತ್ತು. ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗ್‌ಗೆ ಅಂತ ನಮ್ಮ ರೈಲು ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಫ್ಯಾನಿನ ಸದ್ದೂ ನಿಂತಿತು. ಎದುರು ಸೀಟಿನಲ್ಲಿ ಒಬ್ಬ ಅಪ್ಪ, ಕಿಟಕಿಯ ಸರಳಿಗೆ ಗಲ್ಲ ಒತ್ತಿಕೊಂಡ ಮಗಳು. ಕೊನೆಗೆ ಗೂಡ್ಸ್ ಬಂತು. ಹುಡುಗಿ ಬೆರಳು ಮಡಚಿ ಮಡಚಿ ಎಣಿಸಿದಳು.

"ಐವತ್ತೊಂಬತ್ತು."

"ಐವತ್ತೆಂಟು. ಇಂಜಿನ್ನೂ ಸೇರಿಸಿಬಿಟ್ಟೆ ನೀನು" ಅಂದ ಅಪ್ಪ. ಅವನೂ ಎಣಿಸುತ್ತಿದ್ದ ಅನ್ನುವುದು ನನಗೆ ಆಗಲೇ ತಿಳಿದದ್ದು. ಅಲ್ಲಿಯವರೆಗೆ ಅವನು ಕಣ್ಣು ಮುಚ್ಚಿ ಕೂತಿದ್ದ, ಸದ್ದಿನಲ್ಲೇ ಎಣಿಸಿದ್ದ. "ಇಂಜಿನ್ ಯಾಕೆ ಲೆಕ್ಕಕ್ಕಿಲ್ಲ?" ಅಂತ ಅವಳು ಶುರು ಮಾಡಿದಳು. ಮುಂದಿನ ಎರಡು ಸ್ಟೇಷನ್ ಅದೇ ಜಗಳ.

ನನ್ನ ಅಣ್ಣತಮ್ಮಂದಿರು ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು ಒಂದು ಲೆಕ್ಕ. ಹಿತ್ತಲಲ್ಲಿ ಎಷ್ಟು ತೆಂಗಿನ ಮರ ಇದ್ದವು ಅಂತ ಅಣ್ಣ ಯಾರಿಗೋ ಹೇಳುತ್ತಿರುತ್ತಾನೆ. ತಮ್ಮನಿಗೆ ತಡೆಯಲಾಗುವುದಿಲ್ಲ, ತಿದ್ದುತ್ತಾನೆ. ಕ್ಷಮೆ ಕೇಳುವ ಸಾಲುಗಳನ್ನೆಲ್ಲ ತೆಗೆದು ಹಾಕಿದೆ.

ವೇಗದ ರೈಲಿನಲ್ಲಿ ಹೋಗಿದ್ದರೆ ಆ ಜಗಳ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನಾಲ್ಕು ದಿನದಲ್ಲಿ ಹತ್ತು ಜಾಗ ನೋಡುವ ಪ್ರವಾಸದಲ್ಲೂ ಅಷ್ಟೇ, ಗಡಿಯಾರ ನೋಡುವುದೇ ಜಾಸ್ತಿ. ದೂರ ಹೋಗಲು ಆಗದವರು ನಡೆಯಲಿ. ಸ್ಟ್ಯಾನ್‌ಫೋರ್ಡ್‌ನ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂತಾಗಿನಕ್ಕಿಂತ ನಡೆಯುವಾಗ ಹೊಸ ಐಡಿಯಾಗಳು ಸರಾಸರಿ 60% ಹೆಚ್ಚಾದವು. ಖಾಲಿ ಗೋಡೆಯ ಎದುರು ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಲಾಭ ಸಿಕ್ಕಿತು. ಆದರೆ ಒಂದೇ ಸರಿ ಉತ್ತರ ಇರುವ ಪದದ ಒಗಟಿಗೆ ನಡಿಗೆ ಅಂಥ ಸಹಾಯ ಮಾಡಲಿಲ್ಲ. ಅದಕ್ಕೆ ಮತ್ತೆ ಮೇಜಿಗೇ ಬರಬೇಕು.

ಮೇಜಿಗೆ ಬರುವ ಮಾತು ಬಂದಾಗ ನನಗೆ ಜರ್ಮನಿಯ ಸಂಗೀತ ರಚನೆಕಾರ ಮೆಂಡೆಲ್ಸನ್ ನೆನಪಾಗುತ್ತಾನೆ. 1829ರ ಆಗಸ್ಟ್‌ನಲ್ಲಿ, 20ರ ಹುಡುಗ, ಗೆಳೆಯನ ಜೊತೆ ಸ್ಕಾಟ್ಲೆಂಡ್ ಸುತ್ತುತ್ತಿದ್ದ. ಹೆಬ್ರಿಡೀಸ್ ದ್ವೀಪಗಳನ್ನು ಕಂಡು ಮನಸ್ಸಿಗೆ ಬಂದ ಸ್ವರಗಳನ್ನು ಮನೆಯವರಿಗೆ ಬರೆದ ಪತ್ರದಲ್ಲೇ ಗೀಚಿ ಕಳಿಸಿದ. ಮರುದಿನ ಅಲ್ಲಿನ ಸ್ಟಾಫಾ ದ್ವೀಪದ ಪ್ರಸಿದ್ಧ ಗುಹೆಗೆ ದೋಣಿಯಲ್ಲಿ ಹೋದಾಗ ಅಲೆಗಳಿಗೆ ಹೊಟ್ಟೆ ತೊಳಸಿ ಒದ್ದಾಡಿದ. ಸ್ವರ ಬಂದದ್ದು ಒಂದು ದಿನದಲ್ಲಿ. ಆ ಸ್ವರಗಳಿಂದ ಬೆಳೆದ 'ದಿ ಹೆಬ್ರಿಡೀಸ್' ಕೃತಿ ಲಂಡನ್ನಿನಲ್ಲಿ ಮೊದಲು ನುಡಿದದ್ದು 1832ರ ಮೇ ತಿಂಗಳಲ್ಲಿ. ನಡುವೆ ಬರೆದ, ತಿದ್ದಿದ. ಮಧ್ಯದ ಭಾಗದಲ್ಲಿ ಮೀನೆಣ್ಣೆ, ಕಡಲ ಹಕ್ಕಿಗಳಿಗಿಂತ ಸಂಗೀತ ಶಾಸ್ತ್ರದ ವಾಸನೆಯೇ ಜಾಸ್ತಿ ಅಂತ ಪತ್ರದಲ್ಲಿ ಪೇಚಾಡಿಕೊಂಡ, ಮತ್ತೆ ತಿದ್ದಿದ. ಪ್ರವಾಸ ಮುಗಿದು ಎರಡೂವರೆ ವರ್ಷವಾದರೂ ಆ ಕಡಲ ವಾಸನೆ ಅವನ ಮೂಗಿನಲ್ಲೇ ಇತ್ತು! ಇದನ್ನು ಓದಿದ ದಿನ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ಬಿಸಾಡುವ ಯೋಚನೆ ಬಿಟ್ಟೆ.

ಗೆಳತಿಗೆ ಇಷ್ಟನ್ನೂ ಹೇಳಿದೆ. ಅವಳು ಚಿತ್ರ ಬರೆಯುತ್ತಾಳೆ. ಹೋದ ತಿಂಗಳಿಂದ ಒಂದು ಬಾವಿಯ ಚಿತ್ರ ಹಿಡಿದಿದ್ದಾಳೆ, ನೀರಿನ ಬಣ್ಣ ಕೂರುತ್ತಿಲ್ಲವಂತೆ. ನನ್ನ ಹತ್ತಿರವೂ ಒಂದು ಕಥೆ ನಿಂತಿದೆ, ಅದರ ಹುಡುಗಿಗೆ ಇನ್ನೂ ಹೆಸರಿಟ್ಟಿಲ್ಲ. ಮುಂದಿನ ವಾರ ಇಬ್ಬರೂ ಒಂದೇ ಪ್ಯಾಸೆಂಜರ್ ಹತ್ತುತ್ತಿದ್ದೇವೆ. ಕಿಟಕಿ ಸೀಟು ಅವಳಿಗೆ.