ಪಾನವಲ್ ಕಣಿವೆ ಸೇತುವೆ, 160ರಲ್ಲಿ ಒಂದು ಪಾಲು: ತಳ್ಳಾಟದ ದಿನಚರಿ

ಮೇ 11

ಹೊನ್ನಾವರದಿಂದ ಮುಂಬೈ ಕಡೆಗೆ ಹೋಗುವ ರೈಲಿನಲ್ಲಿ ನಿವಸರ್ ದಾಟಿ ರತ್ನಾಗಿರಿ ಬರುವ ಮುಂಚೆ ಒಂದು ಕಡೆ ಕಿಟಕಿಯಾಚೆಯ ಮರಗಳೆಲ್ಲ ಇದ್ದಕ್ಕಿದ್ದಂತೆ ಕೆಳಗಿಳಿದುಬಿಡುತ್ತವೆ. ಒಳಗೆ ಕುಳಿತವರಿಗೆ ತಿಳಿಯುವುದು ಇಷ್ಟೇ. ಅರ್ಧ ನಿಮಿಷದೊಳಗೆ ಮತ್ತೆ ಕೆಮ್ಮಣ್ಣಿನ ಗೋಡೆ ಬರುತ್ತದೆ, ಚಹಾದವನೂ ಬರುತ್ತಾನೆ. ಆ ಅರ್ಧ ನಿಮಿಷದಲ್ಲಿ ದಾಟಿದ್ದು ಪಾನವಲ್ ನದಿಯ ಕಣಿವೆ ಸೇತುವೆಯನ್ನು: 424 ಮೀಟರ್ ಉದ್ದ, ಅತಿ ಎತ್ತರದ ಕಂಬ 64 ಮೀಟರ್. ಕೊಂಕಣ ರೈಲ್ವೆಯಲ್ಲಿ ಉದ್ದಕ್ಕೆ ನಮ್ಮೂರಿನ ಶರಾವತಿ ಸೇತುವೆಯೇ ಮೊದಲು, ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಎತ್ತರದ ಮಾತು ಬಂದರೆ ಮಾತ್ರ ನಾವು ಸುಮ್ಮನಿರಬೇಕು.

ಶಾಲೆಗೆ ರಜೆ ಇರುವಾಗಲೇ ಅದರ ಮಾದರಿಯೊಂದನ್ನು ಕಟ್ಟಲು ಹೊರಟಿದ್ದೇನೆ. 160ಕ್ಕೆ 1ರ ಅಳತೆಯಲ್ಲಿ 64 ಮೀಟರಿನ ಕಂಬ 40 ಸೆಂಟಿಮೀಟರ್ ಆಗುತ್ತದೆ, 40 ಮೀಟರಿನ ಅಂಕಣ (ಎರಡು ಕಂಬಗಳ ನಡುವಿನ ಅಂತರ) 25 ಸೆಂಟಿಮೀಟರ್. ಪೂರ್ತಿ ಸೇತುವೆ ಎರಡೂವರೆ ಮೀಟರಿಗಿಂತ ಹೆಚ್ಚು. ಅದಕ್ಕೆ ನಮ್ಮ ಜಗಲಿ ಸಾಲುತ್ತದೆ, ಮನೆಯವರ ತಾಳ್ಮೆ ಸಾಲುವುದಿಲ್ಲ. ಸದ್ಯಕ್ಕೆ ಮೂರು ಅಂಕಣ ಮಾತ್ರ.

ಅಂಗಡಿಯಲ್ಲಿ ಸಿಗುವ ಮಾದರಿಗಳಂತೆ ಕಂಬ ನಿಲ್ಲಿಸಿ, ಮೇಲೆ ಹಲಗೆ ಇಟ್ಟು, ಬಣ್ಣ ಬಳಿದು ಮುಗಿಸಲು ನನಗೆ ಮನಸ್ಸಿಲ್ಲ. ಆ ಸೇತುವೆಯ ಸೊಗಸು ಇರುವುದು ಅದನ್ನು ಕಟ್ಟಿದ ರೀತಿಯಲ್ಲಿ. ಅರವತ್ತು ಮೀಟರ್ ಆಳದ ಕಣಿವೆಯ ತಳದಿಂದ ಸಾರುವೆ ಕಟ್ಟಿಕೊಂಡು ಬಂದು ಕಾಂಕ್ರೀಟ್ ಹಾಕುವುದೆಂದರೆ ಇಪ್ಪತ್ತು ಮಹಡಿಯ ಕಟ್ಟಡವನ್ನು ಬರೀ ಆಧಾರಕ್ಕಾಗಿ ಎಬ್ಬಿಸಿದಂತೆ. ಅದರ ಬದಲು ಅಲ್ಲಿ ಸೇತುವೆಯ ಮೈಯನ್ನು ದಡದಲ್ಲಿ ತುಂಡು ತುಂಡಾಗಿ ಎರಕ ಹೊಯ್ದರು. ಒಂದು ತುಂಡು ಗಟ್ಟಿಯಾದ ಮೇಲೆ ಅದನ್ನು ಹಿಂದಿನದಕ್ಕೆ ಬಿಗಿದು, ಇಡೀ ಸಾಲನ್ನೇ ಜಾಕಿನಿಂದ ಕಣಿವೆಯ ಮೇಲಕ್ಕೆ ತಳ್ಳಿದರು. ಖಾಲಿಯಾದ ಅಚ್ಚಿನಲ್ಲಿ ಮುಂದಿನ ತುಂಡು. ಶ್ಯಾವಿಗೆ ಒರಳನ್ನು ಅಡ್ಡ ಮಲಗಿಸಿ ಒತ್ತಿದಂತೆ ಎಂದುಕೊಳ್ಳಿ. ಈ ವಿದ್ಯೆ ಜರ್ಮನಿಯ ಫ್ರಿಟ್ಸ್ ಲಿಯೋನ್‌ಹಾರ್ಟ್ ಮತ್ತು ವಿಲ್ಲಿ ಬೌರ್ ಅವರದು; 1960ರ ದಶಕದ ಮೊದಲ ವರ್ಷಗಳಲ್ಲಿ ವೆನೆಜುವೆಲಾದ ಕರೋನಿ ನದಿಯ ಮೇಲೆ ಅವರು ಇದನ್ನು ಮಾಡಿ ತೋರಿಸಿದರು. ನಮ್ಮಲ್ಲಿ ರೈಲು ಸೇತುವೆಗೆ ಇದನ್ನು ಮೊದಲು ಬಳಸಿದ್ದು ಪಾನವಲ್‌ನಲ್ಲಿ, 1990ರ ದಶಕದಲ್ಲಿ, ಕೊಂಕಣ ರೈಲ್ವೆಗೆ ಇ. ಶ್ರೀಧರನ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ.

ಬೆಂಗಳೂರಿನಲ್ಲಿ ಮೆಟ್ರೋ ಮಾರ್ಗ ಕಟ್ಟುವಾಗ ನೋಡಿದವರು ಇದೂ ಅದೇ ಎಂದುಕೊಳ್ಳಬಹುದು. ಅಲ್ಲ. ಅಲ್ಲಿ ರಸ್ತೆಯ ನೆತ್ತಿಯ ಮೇಲೆ ಉದ್ದನೆಯ ಯಂತ್ರವೊಂದು ಕುಳಿತು, ಬೇರೆಲ್ಲೋ ಎರಕವಾಗಿ ಬಂದ ತುಂಡುಗಳನ್ನು ಮೇಲಕ್ಕೆಳೆದು ಸಾಲಾಗಿ ತೂಗುಹಾಕಿಕೊಂಡು, ಕೇಬಲ್ ಬಿಗಿದು, ಮುಂದಿನ ಕಂಬಕ್ಕೆ ಸಾಗುತ್ತಿತ್ತು. ಒಮ್ಮೆ ಕುಳಿತ ತುಂಡು ಅಲ್ಲಿಂದ ಅಲುಗುವುದಿಲ್ಲ. ಪಾನವಲ್‌ನಲ್ಲಿ ಅಲುಗುವುದು ಸೇತುವೆಯೇ.

ಮೇ 18

ಡೆಕ್‌ನ, ಅಂದರೆ ಕಂಬಗಳ ಮೇಲೆ ಕೂರುವ ಸೇತುವೆಯ ಮೈಯ ತುಂಡುಗಳು ಸಿದ್ಧ. ತಲಾ 12.5 ಸೆಂಟಿಮೀಟರ್ ಉದ್ದ, 18 ಮಿಲಿಮೀಟರ್ ಎತ್ತರದ ಪೊಳ್ಳು ಪೆಟ್ಟಿಗೆಗಳು. ಒಂದು ಅಂಕಣಕ್ಕೆ ಎರಡರಂತೆ ಆರು. ತಳ್ಳುವ ಸೇತುವೆಗಳ ಎತ್ತರ ಅಂಕಣದ ಹದಿನೈದನೇ ಒಂದು ಪಾಲಿನ ಆಸುಪಾಸಿನಲ್ಲಿರುವುದು ವಾಡಿಕೆ, ನಾನು ಹದಿನಾಲ್ಕನೇ ಒಂದು ಪಾಲು ಹಿಡಿದಿದ್ದೇನೆ. ಮೂರು ಮಿಲಿಮೀಟರಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯನ್ನು ಬಡಗಿಯೇ ಕೊಯ್ದುಕೊಟ್ಟ. ಯಾವುದಕ್ಕೆ ಎಂದು ಕೇಳಿದ. ಹೇಳಿದ ಮೇಲೆ ಇನ್ನೇನೂ ಕೇಳಲಿಲ್ಲ.

ಇಲ್ಲೊಂದು ತೊಡಕಿದೆ. ಮಾದರಿಗಳು ಸುಳ್ಳು ಹೇಳುತ್ತವೆ. ವಸ್ತುವನ್ನು ಹತ್ತು ಪಾಲು ಚಿಕ್ಕದು ಮಾಡಿದರೆ ತೂಕ ಸಾವಿರ ಪಾಲು ಇಳಿಯುತ್ತದೆ, ಆದರೆ ತೂಕ ಹೊರುವ ಕೊಯ್ತದ (ಅಡ್ಡ ಕೊಯ್ದರೆ ಕಾಣುವ ಮುಖದ) ವಿಸ್ತೀರ್ಣ ನೂರು ಪಾಲು ಮಾತ್ರ. ಗೆಲಿಲಿಯೊ 1638ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಹಾಗಾಗಿ ನನ್ನ ಪೆಟ್ಟಿಗೆಗಳಿಗೆ ಅಂಟು ಹಾಕಿ ತಳ್ಳಿದರೆ ಅವು ಯಾವ ತಕರಾರೂ ಇಲ್ಲದೆ ಕಣಿವೆ ದಾಟಿಬಿಡುತ್ತವೆ, ನಾನು ಏನನ್ನೂ ಕಲಿಯುವುದಿಲ್ಲ. ಎರಡು ಉಪಾಯ ಮಾಡಿದೆ. ಒಂದು, ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಬಂದರಿನ ಅಂಗಡಿಯಿಂದ ತಂದು ಪೆಟ್ಟಿಗೆಗಳ ಒಳಗೆ ತುಂಬಿಸಿದೆ. 30 ಗ್ರಾಂ ಇದ್ದದ್ದು 130 ಗ್ರಾಂ ಆಯಿತು. ಎರಡು, ತುಂಡುಗಳ ನಡುವೆ ಅಂಟು ಇಲ್ಲ. ಒಂದರ ಬೆನ್ನಿಗೆ ಒಂದು ಒತ್ತಿಕೊಂಡಿರಬೇಕು, ಅಷ್ಟೇ. ಕಾಂಕ್ರೀಟು ಒತ್ತಿದರೆ ಬಗ್ಗುವ ಆಸಾಮಿಯಲ್ಲ, ಎಳೆದರೆ ಬಿರುಕು ಬಿಡುತ್ತದೆ. ಅಂಟಿಲ್ಲದ ಸಂದು ಆ ಗುಣವನ್ನು ಇನ್ನಷ್ಟು ನಿಷ್ಠುರವಾಗಿ ತೋರಿಸುತ್ತದೆ.

ಒತ್ತಿ ಹಿಡಿಯಲು ಸೈಕಲ್ಲಿನ ಬ್ರೇಕ್ ವೈರು. ಒಂದು ತುದಿಯಲ್ಲಿ ಗುಂಡು ತಲೆ ಇದ್ದೇ ಇದೆ, ಇನ್ನೊಂದು ತುದಿಗೆ ಬ್ರೇಕಿನದೇ ತಿರುಪು. ನಾಲ್ಕನೇ ಸಲ ಹೋದಾಗ ಸೈಕಲ್ ಅಂಗಡಿಯವರು, “ಮಾಸ್ತರರೇ, ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಸೈಕಲ್ಲುಗಳಿವೆ?” ಎಂದು ಕೇಳಿದರು.

ಮೇ 21

ಮೊದಲ ತಳ್ಳು. ವೈರನ್ನು ಪೆಟ್ಟಿಗೆಯ ತಳದಲ್ಲಿ ಹಾಯಿಸಿದ್ದೆ. ಮನೆಯ ಮಾಡಿನ ತೊಲೆಯಾದರೂ ಸರಿ, ಆರ್‌ಸಿಸಿ ಬೀಮ್ ಆದರೂ ಸರಿ, ಎರಡು ಕಡೆ ಆಧಾರವಿದ್ದರೆ ಜಗ್ಗುವುದು ನಡುವೆ, ಎಳೆತ ಬೀಳುವುದು ತಳಭಾಗಕ್ಕೆ, ಕಬ್ಬಿಣ ಇರಬೇಕಾದದ್ದೂ ಅಲ್ಲೇ. ಮಕ್ಕಳಿಗೆ ಇದನ್ನೇ ಹೇಳಿಕೊಂಡು ಬಂದವನು ನಾನು.

ದಡ ಬಿಟ್ಟು ಒಂದು ಗೇಣು ಹೊರಬಂತೋ ಇಲ್ಲವೋ, ತಲೆ ತೂಗುಹಾಕಿತು. ಸಂದುಗಳು ಮೇಲುಗಡೆ ಬಾಯಿ ಬಿಟ್ಟವು.

ಅರ್ಥವಾಗಲು ಒಂದು ಲೋಟ ಚಹಾ ಬೇಕಾಯಿತು. ಗಾಳಿಯಲ್ಲಿ ಚಾಚಿಕೊಂಡಿರುವ ತುದಿಗೆ ಎಳೆತ ಬೀಳುವುದು ಬೆನ್ನಿನ ಕಡೆಗೆ. ಅದೇ ತುಂಡು ಮುಂದೆ ಹೋಗಿ ಅಂಕಣದ ನಡುವೆ ನಿಂತಾಗ ಎಳೆತ ಹೊಟ್ಟೆಯ ಕಡೆಗೆ. ಇನ್ನೂ ಮುಂದೆ ಹೋಗಿ ಕಂಬದ ಮೇಲೆ ಬಂದಾಗ ಮತ್ತೆ ಬೆನ್ನಿಗೆ. ಇದ್ದಲ್ಲೇ ಇರುವ ಸೇತುವೆಯಲ್ಲಿ ಪ್ರತಿ ಜಾಗಕ್ಕೂ ಒಂದು ಸ್ವಭಾವವಿರುತ್ತದೆ. ತಳ್ಳಿಸಿಕೊಳ್ಳುವ ಸೇತುವೆಯಲ್ಲಿ ಪ್ರತಿ ತುಂಡೂ ಎಲ್ಲ ಜಾಗಗಳ ಕಷ್ಟವನ್ನೂ ಸರದಿಯಂತೆ ಉಣ್ಣಬೇಕು. ಆದ್ದರಿಂದಲೇ ತಳ್ಳುವ ಹಂತದ ಕೇಬಲ್ಲುಗಳ ಒತ್ತಡ ಕೊಯ್ತದ ನಡುಮಧ್ಯಕ್ಕೆ ಬೀಳುವಂತೆ ಇಡುತ್ತಾರೆ, ಮೇಲೂ ಕೆಳಗೂ ಸಮನಾಗಿ ಒತ್ತುವಂತೆ. ಅಂಕಣದಲ್ಲಿ ಕೆಳಗಿಳಿದು ಕಂಬದ ಮೇಲೆ ಮೇಲೇರುವ ಬಾಗಿದ ಕೇಬಲ್ಲುಗಳು ಬರುವುದು ಸೇತುವೆ ತನ್ನ ಜಾಗ ಸೇರಿದ ಮೇಲೆ.

ವೈರು ಈಗ ಎರಡು, ಒಂದು ಮೇಲೆ, ಒಂದು ಕೆಳಗೆ. ಲಗೇಜ್ ತೂಗುವ ಕೈತಕ್ಕಡಿಯಿಂದ ಎಳೆದು ತಲಾ 3 ಕಿಲೋ ಬಿಗಿತಕ್ಕೆ ಹಿಡಿದು ತಿರುಪು ಬಿಗಿದೆ.

ಒಂದು ಮೋಸವನ್ನು ಈಗಲೇ ಒಪ್ಪಿಕೊಳ್ಳುತ್ತೇನೆ. ನಿಜವಾದ ಸೇತುವೆಯಲ್ಲಿ ಒಂದೊಂದೇ ತುಂಡು ಸೇರುತ್ತಾ ಹೋಗುತ್ತದೆ, ಕೇಬಲ್ಲಿಗೆ ಕೇಬಲ್ಲು ಜೋಡಿಸುವ ಕಪ್ಲರ್‌ಗಳಿರುತ್ತವೆ. ನಾನು ಆರನ್ನೂ ದಡದ ಹಲಗೆಯ ಮೇಲೆ ಒಂದೇ ಸಲ ಪೋಣಿಸಿಕೊಂಡಿದ್ದೇನೆ.

ಮೇ 24

ಎರಡು ವೈರು ಹಾಕಿದರೂ 25 ಸೆಂಟಿಮೀಟರ್ ದಾಟುವಷ್ಟರಲ್ಲಿ ಸಂದು ಬಾಯಿ ಬಿಡುತ್ತದೆ. ತುದಿ ಆರು ಮಿಲಿಮೀಟರ್ ಕೆಳಗಿಳಿದು, ಕಂಬದ ತಲೆಯ ಮೇಲೆ ಏರುವ ಬದಲು ಅದರ ಕುತ್ತಿಗೆಗೆ ಗುದ್ದಿತು. ಕಂಬ ಅಂಗಳಕ್ಕೆ ಬಿತ್ತು.

ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಒಂದು ಇಡೀ ಅಂಕಣದಷ್ಟು ಗಾಳಿಯಲ್ಲಿ ಚಾಚಿದ ಡೆಕ್ಕಿನ ಬುಡದಲ್ಲಿ ಬೀಳುವ ಬಾಗುಬಲ, ಅದೇ ಡೆಕ್ ಮುಗಿದು ಸಾಲು ಕಂಬಗಳ ಮೇಲೆ ಕುಳಿತಾಗ ತನ್ನ ತೂಕಕ್ಕೆ ಕಂಬದ ಮೇಲೆ ಬೀಳುವುದರ ಆರು ಪಟ್ಟು. ಆರು! ಮೇಲೆ ರೈಲು ಓಡುವ ಮಾತು ಇನ್ನೂ ದೂರವಿದೆ.

ಮಗಳು ನೋಡುತ್ತಾ ಕುಳಿತಿದ್ದಳು. “ಅಪ್ಪ, ವೈರನ್ನೇ ಇನ್ನಷ್ಟು ಬಿಗಿ ಮಾಡಿದರೆ ಆಗುವುದಿಲ್ಲವೇ?”

ಆಗುತ್ತದೆ. ಆದರೆ ಆ ಹೆಚ್ಚಿನ ಉಕ್ಕೆಲ್ಲ ತಳ್ಳುವ ಕೆಲವು ತಿಂಗಳಿಗಾಗಿ ಮಾತ್ರ. ಆಮೇಲೆ ನೂರು ವರ್ಷ ಸುಮ್ಮನೆ ಒಳಗೆ ಕುಳಿತಿರುತ್ತದೆ. ಮದುವೆಗೆಂದು ಹಾಕಿದ ಚಪ್ಪರವನ್ನು ಮನೆಗೇ ಸೇರಿಸಿ ಕಟ್ಟಿದಂತೆ. ಇದನ್ನು ಹೇಳಿದ ಮೇಲೂ ಆಕೆಯ ಸಮಾಧಾನಕ್ಕೆ ಬಿಗಿ ಮಾಡಿ ನೋಡಿದೆವು, ಎಂಡಿಎಫ್ ಅಂಚು ಜಜ್ಜಿಹೋಯಿತು.

ಮೇ 26

ಹೀಗಾಗಿ ಮೂಗು. ತಳ್ಳುವ ಸೇತುವೆಯ ಮುಂತುದಿಗೆ ತಾತ್ಕಾಲಿಕವಾಗಿ ಉಕ್ಕಿನ ಹಗುರ ಗರ್ಡರ್ (ತೊಲೆ) ಜೋಡಿಸಿರುತ್ತಾರೆ, ಅಂಕಣದ ಅರವತ್ತು ಶೇಕಡದಷ್ಟು ಉದ್ದ. ಭಾರದ ಕಾಂಕ್ರೀಟು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಮೂಗು ಮುಂದಿನ ಕಂಬವನ್ನು ಮುಟ್ಟಿಬಿಡುತ್ತದೆ. ನನ್ನ ಅಳತೆಗೆ 15 ಸೆಂಟಿಮೀಟರ್.

ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ ಸಿಕ್ಕಿಸಿದೆ. ತಲೆ ಮೊದಲಿಗಿಂತ ಬೇಗ ಬಾಗಿತು. ತೂಗಿ ನೋಡಿದರೆ ಪಟ್ಟಿ 177 ಗ್ರಾಂ, ಅಷ್ಟೇ ಉದ್ದದ ಡೆಕ್ 156 ಗ್ರಾಂ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನಮ್ಮ ಅಜ್ಜಿಯ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿತ್ತು. ಇಲ್ಲಿ ಮೂಗೇ ಮೂಗುತಿಯಾಗಿತ್ತು.

ಆಮೇಲೆ ಬಿದಿರಿನ ಕಡ್ಡಿಗಳ ಜಾಲರಿ, 9 ಗ್ರಾಂ. ನೋಡಲು ಚೆಂದ. ಕಂಬವನ್ನು ಮುಟ್ಟಿತು, ಮುಟ್ಟಿದ ಮೇಲೂ ತಳ್ಳಿದರೆ ಕಡ್ಡಿಗಳೇ ಬಿಲ್ಲಿನಂತೆ ಬಾಗಿ, ಹಿಂದಿನ ಸಂದು ಯಥಾಪ್ರಕಾರ ಬಾಯಿ ಬಿಟ್ಟಿತು. ಮೂಗು ಹಗುರವಾಗಿದ್ದರೆ ಸಾಲದು, ಬಿರುಸೂ ಆಗಿರಬೇಕು. ಕಂಬದ ಮೇಲೆ ಕುಳಿತು ಭಾರವನ್ನು ತನ್ನ ಮೇಲೆ ಎಳೆದುಕೊಳ್ಳದ ಮೂಗು ಇದ್ದೂ ಇಲ್ಲದಂತೆ.

ಮೇ 28

ಕಿಟಕಿ ಮಾಡುವವರ ಅಂಗಡಿಯ ಕಸದಲ್ಲಿ ಸಿಕ್ಕ ಅಲ್ಯೂಮಿನಿಯಂ ಆಂಗಲ್, ಎರಡು ತುಂಡು, ಒಟ್ಟು 22 ಗ್ರಾಂ. ಡೆಕ್ಕಿನ ತೂಕದ ಏಳನೇ ಒಂದು ಪಾಲು. ತುದಿಯನ್ನು ಅರದಿಂದ ಉಜ್ಜಿ ದೋಣಿಯ ಮೂತಿಯಂತೆ ಮೇಲಕ್ಕೆ ಎತ್ತಿದೆ, ಸ್ವಲ್ಪ ಜಗ್ಗಿದ್ದರೂ ಕಂಬದ ತಲೆಯ ಮೇಲೆ ತಾನೇ ಹತ್ತಿಕೊಳ್ಳಲೆಂದು. ದೊಡ್ಡ ಸೇತುವೆಗಳಲ್ಲಿ ಆ ಜಾಗದಲ್ಲಿ ಜಾಕಿ ಇಟ್ಟು ಮೂಗನ್ನು ಎತ್ತಿಕೊಳ್ಳುವುದೂ ಉಂಟು.

ದಾಟಿತು! ಸಂದು ಮಿಸುಕಲಿಲ್ಲ. ಲೆಕ್ಕದಲ್ಲೂ ಆರು ಪಟ್ಟು ಇದ್ದದ್ದು ಸುಮಾರು 1.7 ಪಟ್ಟಿಗೆ ಇಳಿಯುತ್ತದೆ. ಜಗಲಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಎರಡನೇ ಅಂಕಣದಲ್ಲಿ ಹೊಸ ಕಾಟ. ಡೆಕ್ ಮುಂದೆ ಹೋಗುವಾಗ ಕಂಬದ ತಲೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನನ್ನ ಕಂಬಗಳು ರಟ್ಟಿನವು, ಒಳಗೆ ಪೊಳ್ಳು, ನಿಜವಾದವುಗಳ ಹಾಗೆಯೇ. ನೇರ ಭಾರವನ್ನು ಅವು ಆನಂದವಾಗಿ ಹೊರುತ್ತವೆ. 40 ಸೆಂಟಿಮೀಟರ್ ಎತ್ತರದಲ್ಲಿ ಅಡ್ಡ ಎಳೆದರೆ ಬುಡವೇ ಏಳುತ್ತದೆ. ತಕ್ಕಡಿ ಕಟ್ಟಿ ಎಳೆದು ನೋಡಿದೆ: ಡೆಕ್ಕನ್ನು ಸರಿಸಲು 310 ಗ್ರಾಂ ಬಲ ಬೇಕು, ಅಂದರೆ ತೂಕದ ನಲವತ್ತು ಶೇಕಡ.

ಜೂನ್ 1

ನಲ್ಲಿ ಜೋಡಿಸುವಾಗ ತಿರುಪಿಗೆ ಸುತ್ತುವ ತೆಳು ಬಿಳಿ ಟೇಪು ಇದೆಯಲ್ಲ, ಅದು ಟೆಫ್ಲಾನ್. ಸೇತುವೆ ತಳ್ಳುವವರು ನೆಚ್ಚಿಕೊಂಡಿರುವುದೂ ಇದೇ ಟೆಫ್ಲಾನನ್ನು. ಪ್ರತಿ ಕಂಬದ ತಲೆಯಲ್ಲಿ ನುಣುಪಾದ ಸ್ಟೇನ್‌ಲೆಸ್ ಸ್ಟೀಲ್ ಹಾಸು. ಅದರ ಮತ್ತು ಡೆಕ್ಕಿನ ನಡುವೆ ಒಂದು ಮೈ ರಬ್ಬರು, ಒಂದು ಮೈ ಟೆಫ್ಲಾನ್ ಇರುವ ಬಿಲ್ಲೆಗಳು. ಡೆಕ್ ಸರಿಯುತ್ತಿದ್ದಂತೆ ಬಿಲ್ಲೆಯೂ ಅದರೊಂದಿಗೆ ಸರಿದು ಮುಂಬದಿಯಲ್ಲಿ ಹೊರಬೀಳುತ್ತದೆ, ಕಂಬದ ಮೇಲೆ ನಿಂತ ಕೆಲಸಗಾರ ಹಿಂಬದಿಯಿಂದ ಇನ್ನೊಂದನ್ನು ತೂರಿಸುತ್ತಾನೆ. ಅರವತ್ತು ಮೀಟರ್ ಮೇಲೆ ನಿಂತು ದಿನವಿಡೀ ಇದೇ ಕೆಲಸ. ಬಿಲ್ಲೆಯನ್ನು ತಪ್ಪಿ ಮಗುಚಿ ಹಾಕಿದರೆ ರಬ್ಬರು ಸ್ಟೀಲನ್ನು ಕಚ್ಚಿಕೊಳ್ಳುತ್ತದೆ, ಕಂಬದ ಮೇಲೆ ಬೀಳುವ ಎಳೆತ ಒಮ್ಮೆಲೇ ಏರುತ್ತದೆ. ಇಡೀ ವಿಧಾನದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸಗಾರ ಈ ಬಿಲ್ಲೆ ಹಾಕುವವನು. ಸೇತುವೆಯ ಚಿತ್ರಗಳಲ್ಲಿ ಅವನು ಕಾಣುವುದೇ ಇಲ್ಲ.

ಕಂಬದ ತಲೆಗೆ ಟೇಪು ಸುತ್ತಿ, ಡೆಕ್ಕಿನ ತಳಕ್ಕೆ ಹಳೆಯ ಸ್ಟೀಲ್ ಅಳತೆಪಟ್ಟಿಯ ತುಂಡುಗಳನ್ನು ಅಂಟಿಸಿದೆ. 310 ಇದ್ದದ್ದು 110 ಗ್ರಾಂಗೆ ಇಳಿಯಿತು, ತೂಕದ ಹದಿನಾಲ್ಕು ಶೇಕಡ. ನಿಜವಾದ ಸೇತುವೆಗಳಲ್ಲಿ ಇದು ಎರಡರಿಂದ ಐದು ಶೇಕಡ ಮಾತ್ರ. ನನ್ನ ಟೇಪಿನಲ್ಲಿ ದೋಷವಿಲ್ಲ. ಮೇಲೆ ಭಾರ ಹೆಚ್ಚಿದಷ್ಟೂ ಟೆಫ್ಲಾನಿನ ಘರ್ಷಣೆಯ ಪ್ರಮಾಣ ತಗ್ಗುತ್ತದೆ, ಮುಕ್ಕಾಲು ಕಿಲೋ ಡೆಕ್ಕಿನ ಕೆಳಗೆ ಅದಕ್ಕೆ ಮೈಚಳಿ ಬಿಡುವುದಿಲ್ಲ.

ಜೂನ್ 9

ಮಳೆ ಶುರು. ಶಾಲೆಯೂ ಶುರು. ರಟ್ಟು ತೇವ ಕುಡಿದು ನಡುವಿನ ಕಂಬ ಒಂದು ಮಿಲಿಮೀಟರ್ ಬೆಳೆದಿದೆ. ಪಾನವಲ್ ಲೆಕ್ಕದಲ್ಲಿ ಅದು 16 ಸೆಂಟಿಮೀಟರ್, ನಿಜವಾದ ಕೆಲಸದಲ್ಲಿ ಮಿಲಿಮೀಟರುಗಳಿಗೆ ಜಗಳವಾಗುತ್ತದೆ. ಎಲ್ಲ ಕಂಬಗಳಿಗೂ ಎರಡು ಕೈ ವಾರ್ನಿಷ್ ಬಳಿದೆ. ಮೊದಲೇ ಬಳಿಯಬೇಕಿತ್ತು. ಬೇರೇನೂ ಕೆಲಸ ಸಾಗಲಿಲ್ಲ.

ಜೂನ್ 22

ಮೂರೂ ಅಂಕಣ ದಾಟಿ ಡೆಕ್ ತನ್ನ ಜಾಗಕ್ಕೆ ಬಂದು ನಿಂತಿದೆ. ದಡದ ತುದಿಯಲ್ಲಿ ಸೈಕಲ್ ತಿರುಪನ್ನು ಕಾಲು ಸುತ್ತು ತಿರುಗಿಸಿ ತಿರುಗಿಸಿ ತಳ್ಳಿದ್ದು. 75 ಸೆಂಟಿಮೀಟರಿಗೆ ಒಂದು ಮುಕ್ಕಾಲು ಗಂಟೆ. ದಾರಿಯಲ್ಲಿ ಒಮ್ಮೆ ಮಾತ್ರ ಸಾಲು ಬಲಕ್ಕೆ ಎರಡು ಮಿಲಿಮೀಟರ್ ವಾಲಿತು, ಕಂಬದ ತಲೆಗೆ ಪಕ್ಕದಲ್ಲಿ ಮೊಳೆ ಹೊಡೆದು ತಡೆ ಕೊಟ್ಟ ಮೇಲೆ ಸರಿಹೋಯಿತು. ಈ ವಿಧಾನಕ್ಕೆ ದಾರಿ ನೇರವಾಗಿರಬೇಕು, ಇಲ್ಲವೇ ಒಂದೇ ವೃತ್ತದ ಕಂಸವಾಗಿರಬೇಕು. ನಡುವೆ ತಿರುವು ಬದಲಾಗುವ ಸೇತುವೆಯನ್ನು ಹೀಗೆ ತಳ್ಳಲಾಗದು. ಹಾವು ಬಿಲದೊಳಗೆ ಹೋಗುವಂತೆ ಬಾಲ ತಲೆಯ ಜಾಡಿನಲ್ಲೇ ಬರಬೇಕು, ಹಾವಿನಂತೆ ಬಳುಕುವ ಸ್ವಾತಂತ್ರ್ಯವಿಲ್ಲದೆ.

ಮೂಗು ಕಳಚಿದೆ. ಪ್ರತಿ ಕಂಬದ ತಲೆಯಲ್ಲೂ ಪತ್ರಿಕೆಯ ಕಾಗದದ ಪಟ್ಟಿಯನ್ನು ಡೆಕ್ಕಿನ ಕೆಳಗೆ ಸಿಕ್ಕಿಸಿ ಎಳೆದು ನೋಡುತ್ತಿದ್ದೇನೆ. ದಡದಲ್ಲಿ ಬಿಗಿ, ಒಂದನೇ ಕಂಬದಲ್ಲಿ ಬಿಗಿ, ಕೊನೆಯದರಲ್ಲಿ ಬಿಗಿ. ಎರಡನೇ ಕಂಬದಲ್ಲಿ ಕಾಗದ ಸಲೀಸಾಗಿ ಜಾರಿ ಬಂತು. ಅಂದರೆ ಆ ಕಂಬ ಸುಮ್ಮನೆ ನಿಂತಿದೆ, ಅದರ ಪಾಲಿನ ಭಾರವನ್ನು ಪಕ್ಕದವು ಹೊರುತ್ತಿವೆ. ಅಂಚೆ ಕಾರ್ಡಿನ ಎರಡು ತುಂಡುಗಳನ್ನು ಅಡಿಗಿಟ್ಟ ಮೇಲೆ ಕಾಗದ ಹರಿಯಿತು, ಹೊರಬರಲಿಲ್ಲ.

ಇನ್ನು ಟೇಪು ಬಿಚ್ಚಿ ಡೆಕ್ಕನ್ನು ಕೂದಲೆಳೆಯಷ್ಟು ಎತ್ತಿ ಕಾಯಂ ಬೇರಿಂಗ್ (ಕಂಬಕ್ಕೂ ಡೆಕ್ಕಿಗೂ ನಡುವಿನ ಆಧಾರ) ಕೂರಿಸಬೇಕು. ಒಂದು ಕಡೆ ಕಟ್ಟಿಹಾಕಿ ಉಳಿದ ಕಡೆ ಜಾರಲು ಬಿಡಬೇಕು. ನಾನೂರು ಮೀಟರಿಗೂ ಮಿಕ್ಕಿದ ಕಾಂಕ್ರೀಟು ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಎಂಟು ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ, ನನ್ನದು ಆ ಲೆಕ್ಕಕ್ಕೆ ಅರ್ಧ ಮಿಲಿಮೀಟರೂ ಇಲ್ಲ, ಆದರೂ ಕೂರಿಸುತ್ತೇನೆ. ಬಾಗಿದ ಕೇಬಲ್ಲುಗಳಿಗೆ ಬ್ರೇಕ್ ವೈರು ದಪ್ಪವಾಯಿತು. ನಾಳೆ ಸಂಜೆ ಸೈಕಲ್ ಅಂಗಡಿಯಲ್ಲಿ ಗೇರ್ ವೈರು ಕೇಳಬೇಕು, ಅದು ತೆಳ್ಳಗಿರುತ್ತದೆ.