ಲಿವರ್ ಮುಟ್ಟೋಕೆ ಬಿಡ್ತಾರಾ?

ಭಾನುವಾರ ಸಂಜೆ ಅಕ್ಕನ ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ವಿಡಿಯೊ ಕಾಲ್ ಮಾಡಿದಳು. ಅಲ್ಲಿ ಮಳೆಯಂತೆ, ಎಂ ಶೆಡ್ ಮ್ಯೂಸಿಯಂಗೆ ನುಗ್ಗಿದ್ದಳು. ಟಿಕೆಟ್ ಇಲ್ಲ ನೋಡಿ, ಓದೋ ಮಕ್ಕಳಿಗೆ ಅದೇ ದೊಡ್ಡದು. ಬಂದರಿನ ಹಳೇ ಗೋದಾಮು ಅದು. 2011ರಿಂದ ಊರಿನ ಚರಿತ್ರೆ ಹೇಳೋ ಮ್ಯೂಸಿಯಂ. ಬಂಗಾರಪೇಟೆಯ ನಮ್ಮ ಜಗುಲಿಯಲ್ಲಿ ಅಪ್ಪ, ಭಾವ, ನಾನು ಒಂದೇ ಫೋನಿಗೆ ತಲೆ ಕೊಟ್ಟು ಕೂತೆವು.

ಮೊದಲು ಒಂದು ಹಸಿರು ಬಸ್ ತೋರಿಸಿದಳು. 1963ರಲ್ಲಿ ಕರಿಯರಿಗೆ, ಏಷ್ಯಾದವರಿಗೆ ಕಂಡಕ್ಟರ್ ಕೆಲಸ ಕೊಡಲ್ಲ ಅಂದಿದ್ದಕ್ಕೆ ಅಲ್ಲಿನ ಜನ ಬಸ್ ಹತ್ತೋದೇ ಬಿಟ್ಟಿದ್ದರಂತೆ. ಆಮೇಲೆ ಮಲಗಿಸಿಟ್ಟ ಒಂದು ಪ್ರತಿಮೆ. ಗುಲಾಮರ ವ್ಯಾಪಾರ ಮಾಡಿದ ಕೋಲ್‌ಸ್ಟನ್‌ನದು. 2020ರಲ್ಲಿ ಜನ ಉರುಳಿಸಿ ನೀರಿಗೆ ಹಾಕಿದ್ದನ್ನು ಎತ್ತಿ, ಬಳಿದ ಬಣ್ಣದ ಸಮೇತ ಇಟ್ಟಿದ್ದಾರೆ. ನನಗೆ ರೋಮಾಂಚನ. ಭಾವನಿಗೆ ಮಗಳು ಮಧ್ಯಾಹ್ನ ಏನು ತಿಂದಳು ಅನ್ನೋದೇ ಚಿಂತೆ. ಅಪ್ಪ ಮಾತ್ರ "ಕಿಟಕಿ ಆಚೆ ಏನದು, ಕ್ರೇನಾ? ಅದನ್ನ ತೋರ್ಸಮ್ಮ" ಅಂದರು.

ಆಚೆ ನಾಲ್ಕು ಕ್ರೇನ್. 1951ರವು. ಎಪ್ಪತ್ತರ ದಶಕದಲ್ಲಿ ಗುಜರಿಗೆ ಹೋಗಬೇಕಿತ್ತಂತೆ, ಊರಿನವರೇ ಅಡ್ಡ ನಿಂತು ಉಳಿಸಿಕೊಂಡರಂತೆ.

"ಓಡುತ್ತಾ?"

"ಕೆಲವು ದಿನ ಓಡಿಸ್ತಾರೆ ತಾತ. ವಾಲಂಟಿಯರ್ಸ್. ಒಬ್ಬರು ಸಿಕ್ಕಿದ್ರು, ನಿಮ್ಮ ವಯಸ್ಸಿನವರೇ."

"ನನ್ನ ವಯಸ್ಸಿನವರಾ? ಲಿವರ್ ಮುಟ್ಟೋಕೆ ಬಿಡ್ತಾರಾ?"

ಭಾವ ಜೋರಾಗಿ ನಕ್ಕರು. ಒಳ್ಳೆಯವರೇ, ಎಲ್ಲಿ ನಗಬಾರದು ಅಂತ ಗೊತ್ತಾಗಲ್ಲ ಅಷ್ಟೇ.

ಅಪ್ಪ ಕೆಜಿಎಫ್‌ನಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು, ಅಂದ್ರೆ ಜನರನ್ನ ಗಣಿಗೆ ಇಳಿಸಿ ಹತ್ತಿಸೋ ಕೇಜನ್ನ ಮೇಲಿಂದ ಓಡಿಸೋರು. ಮೂರು ಕಿಲೋಮೀಟರಿಗೂ ಆಳ ಹೋಗಿದ್ದ ಗಣಿ. ಕೇಜಲ್ಲಿ ಇಳಿಯೋ ಜನ ಇವರ ಕಣ್ಣಿಗೆ ಕಾಣಲ್ಲ. ಎದುರಿಗೆ ಆಳ ತೋರಿಸೋ ಮುಳ್ಳು, ಕಿವಿಗೆ ಗಂಟೆ, ಕೈಯಲ್ಲಿ ಲಿವರ್. ಕೇಜ್ ಓಡುವಾಗ ಒಂದು ಗಂಟೆ ಬಿದ್ದರೆ ನಿಲ್ಲಿಸಬೇಕು. 2001ರ ಫೆಬ್ರವರಿ 28ಕ್ಕೆ ಗಣಿಯೇ ನಿಂತಿತು. ಆಮೇಲೆ ಅವರು ಆ ಕೆಲಸದ ಮಾತನ್ನೇ ಎತ್ತಿದವರಲ್ಲ. ನಾವೂ ಕೇಳಲಿಲ್ಲ.

ಆವತ್ತು ಫೋನಿನಲ್ಲಿ ಕ್ರೇನ್ ನೋಡ್ತಾ ಅಪ್ಪನ ಬಲಗೈ ಕುರ್ಚಿಯ ತೋಳಿನ ಮೇಲೆ ಮುಂದಕ್ಕೆ ಹೋಯಿತು, ಮೆಲ್ಲಗೆ ಹಿಂದಕ್ಕೆ ಬಂತು, ಕೊನೆಗೆ ಒಂದಿಷ್ಟು ಒತ್ತಿ ನಿಂತಿತು. ಅವರಿಗೆ ಗೊತ್ತೇ ಆಗಿಲ್ಲ. ನಾಲ್ಕು ದಿನವಾಯಿತು, ನನ್ನ ಕಣ್ಣಿಂದ ಆ ಕೈ ಹೋಗ್ತಿಲ್ಲ.

ಲಿವರ್ ಮುಟ್ಟೋಕೆ ಬಿಡ್ತಾರಾ. ಸಿನಿಮಾ ಬಂದ ಮೇಲೆ ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಮುಂದೆ ಸೆಲ್ಫಿ ತೆಗೆಯೋಕೆ ಎಲ್ಲೆಲ್ಲಿಂದಲೋ ಬರ್ತಾರೆ. ಬಂದವರನ್ನು ನಾನೇ ಎಷ್ಟೋ ಸಲ ಕರ್ಕೊಂಡು ಹೋಗಿದ್ದೀನಿ, ಇಂಗ್ಲಿಷರು ಕಟ್ಟಿದ ಬಂಗಲೆ, ಕ್ಲಬ್ಬು ಅಂತ ತೋರಿಸಿದ್ದೀನಿ. ಅಪ್ಪನನ್ನು ಒಂದು ಸಲವೂ ಕರೆದಿಲ್ಲ. ಕಾಲು ನೋವು ಅಂತಾರೆ ಅಂದ್ಕೊಂಡು ಸುಮ್ನೆ ಬಿಟ್ಟೆ. ಕೇಳಿಯೇ ಇರಲಿಲ್ಲ, ಅಲ್ವಾ?

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರೀತಾ ಅಪ್ಪ ಕೇಳಿದರು. "ಪುಟ್ಟಿ ಮತ್ತೆ ಯಾವತ್ತು ಹೋಗ್ತಾಳಂತೆ? ಓಡಿಸೋ ದಿನ ನೋಡ್ಕೊಂಡು ಹೋಗೋಕೆ ಹೇಳು. ಆವತ್ತು ನಿಮ್ಮ ಭಾವನ್ನ ಕರೀಬೇಡ."