ನಕ್ಷೆಯ ಮೇಲಿನ ಚುಕ್ಕೆ

ಎಂಟು ವರ್ಷದ ಮಗನನ್ನು ಕೆಮ್ಮಿಗೆಂದು ಕರೆದೊಯ್ದಿದ್ದಾಗ ಮಕ್ಕಳ ವೈದ್ಯರು ಅವನ ಎತ್ತರ, ತೂಕ ಅಳೆದು, ಬೆಳವಣಿಗೆಯ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟು, ಹಿಂದಿನ ಮೂರು ವರ್ಷಗಳ ಚುಕ್ಕೆಗಳಿಗೆ ಗೆರೆ ಜೋಡಿಸಿದರು. ಆ ಗೆರೆ ನಕ್ಷೆಯಲ್ಲಿ ಅಚ್ಚಾಗಿದ್ದ ರೇಖೆಗಳನ್ನು ಒಂದೊಂದಾಗಿ ದಾಟುತ್ತ ಮೇಲೇರಿತ್ತು, ಅಂದರೆ ಎತ್ತರಕ್ಕೆ ತಕ್ಕುದಕ್ಕಿಂತ ತೂಕ ಹೆಚ್ಚುತ್ತಿತ್ತು. "ಊಟ ಕಡಿಮೆ ಮಾಡಿಸಬೇಕೇ ಡಾಕ್ಟರೇ?" ಎಂದೆ. "ಅವನ ತಟ್ಟೆ ಹಾಗಿರಲಿ, ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಹೇಳಿ" ಎಂದರು.

ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಲೆಕ್ಕವೇ ಬಿಎಂಐ. ದೊಡ್ಡವರಿಗಿರುವಂತೆ ಮಕ್ಕಳಿಗೆ ಅದರ ಒಂದೇ ಗಡಿ ಇಲ್ಲ. ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಆದ್ದರಿಂದಲೇ ಕಣ್ಣಳತೆಯಲ್ಲಿ "ಪುಷ್ಟಿಯಾಗಿದ್ದಾನೆ" ಎಂದು ತೀರ್ಮಾನಿಸಿ ಸುಮ್ಮನಾಗುವ ನನ್ನಂಥವರು ಮೋಸಹೋಗುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 5ರಿಂದ 19 ವರ್ಷದವರಲ್ಲಿ ಬೊಜ್ಜು ಇದ್ದವರು 1990ರಲ್ಲಿ ಶೇ. 2 ಮಾತ್ರ, 2022ರ ಹೊತ್ತಿಗೆ ಶೇ. 8, ಅಂದರೆ ಸುಮಾರು 16 ಕೋಟಿ. ದೇಹದ ತೂಕದಲ್ಲಿ ವಂಶವಾಹಿಗಳ ಪಾಲು ದೊಡ್ಡದೇ. ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ಜೀನಿನಲ್ಲಿ ದೋಷವಿದ್ದರೆ ಮಗುವಿಗೆ ಹೊಟ್ಟೆ ತುಂಬಿದ ಅನುಭವವೇ ಸರಿಯಾಗಿ ಆಗುವುದಿಲ್ಲ. ಆದರೆ ಮೂವತ್ತೆರಡು ವರ್ಷಗಳಲ್ಲಿ ಮನುಕುಲದ ಜೀನುಗಳು ಬದಲಾಗಲಿಲ್ಲ, ಮಕ್ಕಳ ಸುತ್ತಲಿನ ಬದುಕು ಬದಲಾಯಿತು. ಅದನ್ನು ಬದಲಾಯಿಸಿದವರಂತೂ ಮಕ್ಕಳಲ್ಲ.

ಆ ಸಂಜೆ ಫ್ರಿಜ್ಜಿನಲ್ಲಿದ್ದ ತಂಪು ಪಾನೀಯದ ಕ್ಯಾನ್ ತೆಗೆದು ಓದಿದೆ. 330 ಮಿಲಿಲೀಟರಿನಲ್ಲಿ 35 ಗ್ರಾಂ ಸಕ್ಕರೆ. ನಂಬಿಕೆ ಬಾರದೆ ತಕ್ಕಡಿಯ ಮೇಲೆ ಬಟ್ಟಲಿಟ್ಟು ಚಮಚದಿಂದ ಸುರಿಯುತ್ತ ಹೋದೆ. ಒಂಬತ್ತನೆಯ ಚಮಚಕ್ಕೆ ಲೆಕ್ಕ ಮುಟ್ಟಿತು. ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇವೆಲ್ಲ ಸೇರಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 1,600 ಕ್ಯಾಲೊರಿ ಬೇಕಾದ ಮಗುವಿಗೆ ಅದು 40 ಗ್ರಾಂ. ಅಗಿದು ತಿಂದದ್ದು ಹಸಿವನ್ನು ತಣಿಸುವಷ್ಟು ಕುಡಿದ ಸಕ್ಕರೆ ತಣಿಸದು. ಕುಡಿದ ಮೇಲೂ ಮಗ ಎಂದಿನಷ್ಟೇ ಊಟ ಮಾಡುತ್ತಿದ್ದುದರಲ್ಲಿ ಅವನ ಹೊಟ್ಟೆಬಾಕತನವೇನೂ ಇರಲಿಲ್ಲ.

ನನಗೆ ಹೊಳೆಯದೇ ಇದ್ದದ್ದು ನಿದ್ದೆಯ ವಿಷಯ. ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟವರು ಮರುದಿನ ಹೆಚ್ಚು ತಿನ್ನುತ್ತಾರೆ, ಅದೂ ಸಿಹಿಯನ್ನೇ ಹುಡುಕುತ್ತಾರೆ. ದಣಿದ ಮೈ ಆಟಕ್ಕೂ ಏಳುವುದಿಲ್ಲ. ನಮ್ಮ ಮನೆಯಲ್ಲಿ ಟಿವಿ ಆರುತ್ತಿದ್ದುದು ಹನ್ನೊಂದಕ್ಕೆ, ನೋಡುತ್ತಿದ್ದವನು ನಾನು. ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಆಟ ಬೇಕೆನ್ನುತ್ತಾರೆ. ಒಬ್ಬನೇ ಹೊರಗೆ ಹೋಗಬೇಡವೆಂದು ತಡೆದವರೂ ನಾವೇ.

ಇಷ್ಟಾದರೂ ಬಂಧುಗಳ ಹಾಸ್ಯಕ್ಕೆ ಗುರಿಯಾಗುತ್ತಿದ್ದವನು ಅವನೊಬ್ಬನೇ. ಅಣಕಿಸಿದರೆ ಮಗು ತೆಳ್ಳಗಾಗುವುದಿಲ್ಲ, ಬಚ್ಚಿಟ್ಟುಕೊಂಡು ತಿನ್ನುವುದನ್ನು ಕಲಿಯುತ್ತದೆ. ಅವನ ಹಾಸಿಗೆಯಡಿ ಬಿಸ್ಕತ್ತಿನ ಖಾಲಿ ಪೊಟ್ಟಣ ಸಿಕ್ಕ ದಿನ ನನಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ವೈದ್ಯರು ತೂಕ ಇಳಿಸಲು ಹೇಳಲಿಲ್ಲ. ಎತ್ತರ ಬೆಳೆಯುತ್ತಿರುವಾಗ ತೂಕ ಇದ್ದಲ್ಲೇ ನಿಂತರೆ ಸಾಕು, ಗೆರೆ ತಾನಾಗಿ ಬಾಗುತ್ತದೆ ಎಂದಿದ್ದಾರೆ. ಈಗ ಒಂಬತ್ತಕ್ಕೆ ಟಿವಿ ಆರುತ್ತದೆ. ಮೂರು ತಿಂಗಳ ನಂತರ ಮತ್ತೊಂದು ಚುಕ್ಕೆ ಇಡುವುದಿದೆ.